ಹೊಸ ಮನೆ, ಹಳೆಯ ಮಂಚ ಮತ್ತು ಪರಿಮಾಣ ವ್ರತ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ನಾಡನ್ನಾಗಿ ಮಾಡಿತು. ಆ ಸಮೃದ್ಧಿಯ ಪಾಲು ಲಿಂಗಸುಗೂರು, ಮಸ್ಕಿಗಳ ಪೇಟೆಗೂ, ಅಲ್ಲಿನ ಜೈನ ವರ್ತಕ ಕುಟುಂಬಗಳಿಗೂ ದೊರೆಯಿತು. ಬಜಾರದ ಅಂಗಡಿಯ ಹಿಂದಿನ ಮಾಳಿಗೆ ಮನೆಯನ್ನು ಬಿಟ್ಟು ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವುದು ಗೃಹಸ್ಥನಿಗೆ ನಿಷಿದ್ಧವಲ್ಲ. ಆಕ್ಷೇಪವಿರುವುದು ಆ ಬಳಿಕ ನಡೆಯುವ ಅಲಂಕಾರದ ಬಗ್ಗೆ. ಮೂರು ತಲೆಮಾರು ಮಲಗಿದ ಸಾಗುವಾನಿ ಮಂಚ, ಅಜ್ಜನವರು ಕಿರ್ದಿ ಖಾತೆ ಬರೆದ ಇಳಿಜಾರಿನ ಮೇಜು, ಗಲ್ಲಾಪೆಟ್ಟಿಗೆ ಇವೆಲ್ಲವೂ ‘ಹೊಸ ಮನೆಗೆ ಒಪ್ಪುವುದಿಲ್ಲ’ ಎಂಬ ಒಂದೇ ತೀರ್ಪಿನಿಂದ ಗುಜರಿಯವನ ಗಾಡಿ ಏರುತ್ತವೆ. ಅವುಗಳ ಸ್ಥಾನಕ್ಕೆ ಚರ್ಮದ ಸೋಫಾ, ರೇಷ್ಮೆಯ ಪರದೆ ಬರುತ್ತವೆ. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಅತಿಥಿಗಳನ್ನು ಸತ್ತ ಪಶುವಿನ ತೊಗಲಿನ ಮೇಲೆ ಕೂರಿಸಲಾಗುತ್ತದೆ!

ಬಾಹ್ಯ ಪರಿಗ್ರಹಗಳು ಹತ್ತು. ಅವುಗಳಲ್ಲಿ ವಾಸ್ತು ಒಂದು ಬಾಬು, ಶಯನಾಸನ ಇನ್ನೊಂದು ಬಾಬು. (ವಾಸ್ತು ಎಂದೊಡನೆ ಬಾಗಿಲು ಯಾವ ದಿಕ್ಕಿಗಿರಬೇಕೆಂದು ಕೇಳುವವರೇ ಈಗ ಹೆಚ್ಚು, ಅದು ಪರಿಗ್ರಹದ ಪಟ್ಟಿಯಲ್ಲಿದೆ ಎಂಬುದು ಎಷ್ಟು ಮಂದಿಗೆ ನೆನಪಿದೆ?) ಮನೆ ಕೊಂಡಾಗ ಮೊದಲ ಬಾಬು ಬೆಳೆಯಿತು. ಅದೇ ನೆಪದಲ್ಲಿ ಎರಡನೆಯದನ್ನೂ ಬೆಳೆಸಿದರೆ ಪರಿಮಾಣ ವ್ರತಕ್ಕೆ ಉಳಿಯುವ ಅರ್ಥವೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದು ಎಂದು ಅದನ್ನು ವಿವರಿಸುವುದುಂಟು. ಬೀಗರ ಮನೆಯ ದಿವಾನಖಾನೆ ನೋಡಿ ಬಂದ ರಾತ್ರಿ ಹುಟ್ಟುವ ಭಾವಕ್ಕೆ ಇದಕ್ಕಿಂತ ತಕ್ಕ ಹೆಸರು ಬೇರೆಲ್ಲಿದೆ?

ಅಪರಿಗ್ರಹ ಮುನಿಗಳಿಗೆ, ಸಂಸಾರಿಗಳಿಗಲ್ಲ ಎಂಬ ಸಮಾಧಾನ ಸದಾ ಸಿದ್ಧವಾಗಿರುತ್ತದೆ. ಹಾಗಾದರೆ ಅಣುವ್ರತಗಳನ್ನು ಯಾರಿಗಾಗಿ ಹೇಳಿದರು? 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಬೌದ್ಧ ದೊರೆಯದಾದರೂ, ದೊಡ್ಡವರಿಗೆ ಮಾತ್ರವಲ್ಲ, ಕಿರಿಯನಿಗೂ ಧರ್ಮದ ಫಲ ಎಟುಕುತ್ತದೆ ಎಂಬ ಭಾವವನ್ನೇ ಸಾರುತ್ತದೆ. ಇನ್ನು ‘ಹಳತಿಗೆ ಬೆಲೆಯಿಲ್ಲ’ ಎಂಬ ವಾದ. ಲೆಕ್ಕ ಬಲ್ಲ ವರ್ತಕನ ಬಾಯಲ್ಲಿ ಇದು ಶೋಭಿಸದು. ಗಿರಣಿಯ ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಬರೆದು ಪುಸ್ತಕದ ಬೆಲೆ ಅಳಿದ ಮೇಲೂ ಅದರಿಂದಲೇ ಅಕ್ಕಿ ಮಾಡಿಸುವವರು, ಕೀಲು ಸಡಿಲಾದ ಮಾತ್ರಕ್ಕೆ ಮಂಚವನ್ನು ಹೊರಹಾಕುವುದು ಯಾವ ಲೆಕ್ಕ?

ಹಳೆಯದನ್ನು ಹೊಸದಾಗಿಸಿಕೊಳ್ಳುವುದೇ ಶ್ರಾವಕನಿಗೆ ಯೋಗ್ಯ. ಅದರಲ್ಲಿಯೂ ವಿವೇಕ ಬೇಕು. ಸ್ಪಿರಿಟಿನಲ್ಲಿ ಕರಗಿಸಿ ಬಳಿಯುವ ಫ್ರೆಂಚ್ ಪಾಲಿಶ್ ಎಂದರೆ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳಲ್ಲಿ ಕೀಟಗಳು ಸ್ರವಿಸಿದ ಅಂಟನ್ನು ಕೀಟಗಳ ಸಮೇತ ಕೆರೆದು ಅದನ್ನು ತಯಾರಿಸುತ್ತಾರೆ. ಉಪಾಸಕದಶಾಂಗವು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಅರಗಿನ ವ್ಯಾಪಾರವನ್ನು ಹೆಸರಿಸಿಯೇ ಹೇಳಿದೆ. ಮಾರಬಾರದ್ದನ್ನು ಮಂಚಕ್ಕೆ ಬಳಿಯಬಹುದೆ? ಜೇನುಮೇಣದ ಪಾಲಿಶ್, ತೊಗಲು ಮೂಳೆಗಳನ್ನು ಕುದಿಸಿ ತೆಗೆದ ಬಡಗಿಯ ಅಂಟು, ಇವೂ ವರ್ಜ್ಯ. ಅಗಸೆ ಎಣ್ಣೆ ಸಾಕು. ತೆಳುವಾಗಿ ಉಜ್ಜಿ ಒಣಗಲು ಬಿಟ್ಟರೆ ಸಾಗುವಾನಿಯ ಎಳೆ ತಾನೇ ಮೇಲೇಳುತ್ತದೆ. ಆ ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ ಬಯಲಲ್ಲಿ ಹರವಬೇಕು.

ಹಳೆಯ ಬಣ್ಣವನ್ನು ಒಣದಾಗಿ ಕೆರೆಸುವುದೂ ಹಿಂಸೆಯೇ. ಮನೆಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ 2016ರ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರುವ ಸಂಭವ ಹೆಚ್ಚು. ನೀರು ಹಚ್ಚಿ ಉಜ್ಜಿಸಬೇಕು, ಮಕ್ಕಳನ್ನು ದೂರವಿಡಬೇಕು. ಕೂಲಿಗೆ ಬಂದವನೂ ಪಂಚೇಂದ್ರಿಯ ಜೀವಿಯಲ್ಲವೆ?

ಮುಹೂರ್ತದ ಅವಸರಕ್ಕೆ ರಾತ್ರಿ ದೀಪ ಹಾಕಿಸಿ ಬಣ್ಣ ಬಳಿಸುವುದು ಇನ್ನೊಂದು ಅನಾಚಾರ. ಭತ್ತ ಕೊಯ್ಲಿಗೆ ಬರುವ ದೀಪಾವಳಿಯ ಆಸುಪಾಸಿನಲ್ಲಿ ಜಿಗಿಹುಳುಗಳು ದೀಪಕ್ಕೆ ಮುಗಿಬೀಳುವುದನ್ನು ಸಿಂಧನೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೆಳಗಾಗುವ ಹೊತ್ತಿಗೆ ಹಸಿ ಗೋಡೆಯ ತುಂಬ ಅವೇ ಅಂಟಿಕೊಂಡಿರುತ್ತವೆ. ಅದರ ಮೇಲೆಯೇ ಇನ್ನೊಂದು ಕೈ ಬಣ್ಣ! ರಾತ್ರಿಭೋಜನ ತ್ಯಾಗ ಮಾಡಿದವರ ಮನೆಯ ಗೋಡೆ ಅದು.

ಮಂದಿರಗಳ ಟ್ರಸ್ಟುಗಳಿಗೂ ಒಂದು ಮಾತು. ಮನೆಯಲ್ಲಿ ಬೇಡವಾದ ಮುರುಕು ಕಪಾಟು ದಾನಿಯ ಹೆಸರು ಬರೆಸಿಕೊಂಡು ಮಂದಿರ ಸೇರುತ್ತದೆ. ಬಾಗಿಲು ಮುಚ್ಚದ ಅದರಲ್ಲಿ ಶಾಸ್ತ್ರಗ್ರಂಥಗಳು ಗೆದ್ದಲ ಪಾಲಾಗುತ್ತವೆ. ಟ್ರಸ್ಟಿನವರು ಸಂಕೋಚ ಬಿಟ್ಟು, ದುರಸ್ತಿ ಮಾಡಿಸಿ ಕೊಡದ ಸಾಮಾನನ್ನು ತಿರುಗಿ ಕಳುಹಿಸಲಿ. ಪೀಠದ ಹಿಂದಿನ ಪರದೆ ರೇಷ್ಮೆಯದಾಗಿದ್ದರೆ ಮೊದಲು ಅದನ್ನು ಇಳಿಸಿ ಹತ್ತಿಯದನ್ನು ಕಟ್ಟಲಿ. ಶ್ರಾವಕರ ಮನೆಯ ಪರದೆಯ ವಿಚಾರ ಆಮೇಲೆ ಎತ್ತಬಹುದು.