ಉಳುವವನು ಯಾರು?

"ಉಳುವವನೇ ಹೊಲದೊಡೆಯ" ಎಂಬ ಘೋಷಣೆಯ 'ಉಳುವವನು' ಯಾರೆಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ.

ದೇವರಾಜ ಅರಸರ ಸರ್ಕಾರದ 1974ರ ಭೂಸುಧಾರಣೆಯಲ್ಲಿ ಆತ ಗೇಣಿದಾರ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಚಾಲಗೇಣಿಯ ಎಷ್ಟೋ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ನಿಂತು, ಗದ್ದೆಯ ಒಡೆಯರಾದರು. ಅದು ನ್ಯಾಯವೇ. ಆದರೆ ಅಂಥ ಗದ್ದೆಗಳಲ್ಲಿ ಕೂಲಿಗಾಗಿ ನೇಗಿಲು ಹಿಡಿದವನಿಗೆ, ನಟ್ಟಿ ನೆಟ್ಟವಳಿಗೆ ದಕ್ಕಿದ್ದು ಹೆಚ್ಚೆಂದರೆ ಮನೆಯಡಿಯ ಜಾಗ. ನಿಜವಾಗಿ ಉತ್ತವರೇ ಆ ಶಬ್ದದ ಹೊರಗುಳಿದರು.

2020ರ ತಿದ್ದುಪಡಿಯು ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ದಾರಿ ತೆರೆದಾಗ, ಪರ ವಿರೋಧ ಎರಡೂ ಕಡೆಯವರು ರೈತನ ಹೆಸರಿನಲ್ಲೇ ವಾದಿಸಿದರು. ಒಬ್ಬರಿಗೆ ಆತ ಭೂಮಿ ಮಾರಲು ಸ್ವತಂತ್ರ, ಇನ್ನೊಬ್ಬರಿಗೆ ಭೂಮಿ ಕಳೆದುಕೊಳ್ಳುವವ. ಕೂಲಿಯಾಳಿನ ಮಾತು ಆಗಲೂ ಹಿಂದೆಯೇ ಉಳಿಯಿತು.

ಘೋಷಣೆ ಕೂಗುವವರು ಅದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನೂ ಹೇಳಬೇಕು.