ಕೊನೆಯ ರೌಂಡ್ ಅಡುಗೆಮನೆಯಲ್ಲಿ ಆಗಲಿ

'ಕೀ ಅಕೌಂಟ್ ಸೇಲ್ಸ್ ಮ್ಯಾನೇಜರ್, ಫುಡ್‌ಸರ್ವಿಸ್, ಬೆಂಗಳೂರು.' ಮೊನ್ನೆ ನೋಡಿದ ಜಾಹೀರಾತು. ಕೇಳಿದ್ದು ಎಂಬಿಎ, ಒಳ್ಳೆ ಇಂಗ್ಲಿಷ್, ಪ್ರೆಸೆಂಟೇಶನ್ ಸ್ಕಿಲ್ಸ್. ಕನ್ನಡದ ಸುದ್ದಿಯೇ ಇಲ್ಲ.

ಈ ಕೆಲಸ ಏನು ಅಂತ ನನಗೆ ಗೊತ್ತಾಗಿದ್ದು ಚಿಕ್ಕಪ್ಪನಿಂದ. ಅವರು ನಾಲ್ಕು ಬ್ರಾಂಚ್ ಇರುವ ದರ್ಶಿನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ತಾರೆ. ಎಣ್ಣೆ, ತುಪ್ಪ, ಕಾಫಿಪುಡಿ ಮಾರುವ ಕಂಪನಿಗೆ ಸಣ್ಣ ಗಿರಾಕಿಗಳು ನೂರಾರು. ಆದರೆ ಇಂಥ ಹೋಟೆಲು, ಆಸ್ಪತ್ರೆ ಕ್ಯಾಂಟೀನು, ಐಟಿ ಕ್ಯಾಂಪಸ್ಸಿನ ಕೇಟರರ್ ಮುಂತಾದ ಕೆಲವರೇ ದೊಡ್ಡ ಪಾಲು ಕೊಳ್ಳೋದು. ಅವರೇ ಕೀ ಅಕೌಂಟ್. ಒಬ್ಬರು ಕೈಬಿಟ್ಟರೂ ಆ ತಿಂಗಳ ಟಾರ್ಗೆಟ್ ಹೋಯ್ತು ಅಂತಲೇ ಲೆಕ್ಕ.

15 ಕೆಜಿ ಟಿನ್ನಿನ ರೇಟು, ಎಷ್ಟು ದಿನದ ಸಾಲ, ಬೆಳಗಿನ ಜಾವ ಗಾಡಿ ಬರುತ್ತಾ ಇಲ್ವಾ, ಎಲ್ಲ ನೋಡಬೇಕು. ವಡೆ ಜಾಸ್ತಿ ಎಣ್ಣೆ ಕುಡೀತಿದೆ ಅಂತ ಅಡುಗೆ ಭಟ್ಟರು ಅಂದರೆ, ಅಲ್ಲೇ ನಿಂತು ಕರಿಸಿ ನೋಡಬೇಕು.

ಚಿಕ್ಕಪ್ಪನ ಹತ್ತಿರ ಆರು ವರ್ಷ ಬರ್ತಿದ್ದ ಸೇಲ್ಸ್ ಹುಡುಗ ಇದೆಲ್ಲ ಮಾಡ್ತಿದ್ದ. ಹಬ್ಬದ ದಿನವೂ ಫೋನ್ ಎತ್ತುತ್ತಿದ್ದ. ಅವನದೇ ಕಂಪನಿಯಲ್ಲಿ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ಇಂಗ್ಲಿಷ್ ಗ್ರೂಪ್ ಡಿಸ್ಕಶನ್‌ನಲ್ಲಿ ಹೊರಬಿದ್ದ. ಬಂದ ಹೊಸಬರಿಗೆ ಭಟ್ಟರ ಕುಂದಾಪುರ ಕನ್ನಡ ಅರ್ಥವಾಗಲಿಲ್ಲ. ದೂರು ಹಾಗೇ ಉಳಿಯಿತು.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಸ್ಟಾರ್ ಹೋಟೆಲಿನ ಪರ್ಚೇಸ್ ವಿಭಾಗಕ್ಕೆ ಮೇಲ್ ಬರೀಬೇಕು, ಕಾಂಟ್ರಾಕ್ಟ್ ಓದಬೇಕು, ಎಕ್ಸೆಲ್ ಗೊತ್ತಿರಬೇಕು. ಆದರೆ ಅದನ್ನ ಕೆಲವು ತಿಂಗಳಲ್ಲಿ ಕಲಿಸಬಹುದು. ಭಟ್ಟರು ಸುಮ್ಮನಾದರೆ ಏನೋ ಸರಿಯಿಲ್ಲ ಅಂತ ಗುರುತಿಸೋದನ್ನ ಕ್ಲಾಸಿನಲ್ಲಿ ಕಲಿಸೋದು ಕಷ್ಟ. ಅದಕ್ಕೇ ನನ್ನ ಸಲಹೆ: ಕೊನೆಯ ರೌಂಡ್ ಬೆಳಿಗ್ಗೆ ಐದಕ್ಕೆ ಯಾವುದಾದರೂ ಹೋಟೆಲಿನ ಅಡುಗೆಮನೆಯಲ್ಲಿ ಇಡಿ. ಟಿನ್ನಿಗೆ ಇಪ್ಪತ್ತು ರೂಪಾಯಿ ಏರಿದೆ ಅಂತ ಅಲ್ಲಿನವರಿಗೆ ಹೇಳಿ ಒಪ್ಪಿಸಲಿ, ನೋಡೋಣ.

ನಮಗೂ ಪ್ಲೇಸ್‌ಮೆಂಟ್‌ಗೆ ಅಂತ ಅದೇ ಗ್ರೂಪ್ ಡಿಸ್ಕಶನ್ ತರಬೇತಿ ನಡೀತಿದೆ. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಾನು ಅದರಲ್ಲಿ ಪಾಸಾಗ್ತೀನಿ. ಆ ಅಡುಗೆಮನೆಯಲ್ಲಿ ಮಾತ್ರ ಖಂಡಿತ ಫೇಲು.

ಆ ಹುಡುಗ ಈಗ ಬೇರೆ ಕಂಪನಿ ಸೇರಿದ್ದಾನೆ. ಚಿಕ್ಕಪ್ಪನೂ ಎಣ್ಣೆ ಅಲ್ಲಿಂದಲೇ ತರಿಸ್ತಾರೆ.