ಅಗೆಯೋಕೆ ಮುಂಚೆ ಒಂದು ಮಾತು ಕೇಳ್ರಪ್ಪಾ!

ಪೇಟೆ ಬೀದಿಗೆ ಜೆಸಿಬಿ ಇಳಿಯಿತೆಂದರೆ ಅಂಗಡಿಯವರ ಎದೆ ಡವಡವ. ನೀರಿನ ಪೈಪೋ, ಚರಂಡಿಯೋ, ಏನೋ ಒಂದು ಕೆಲಸ. ಒಂದೇ ಗುದ್ದಿಗೆ ಮಣ್ಣಿನಡಿಯ ಕೇಬಲ್ಲು ತುಂಡು! ಆಮೇಲೆ ನೋಡಿ ಫಜೀತಿ. ಗಿರಾಕಿ ಹತ್ತು ಸಲ ಫೋನು ತಿರುವಿ ಹಿಡಿದರೂ ದುಡ್ಡು ಬಂತೆಂದು ಪೆಟ್ಟಿಗೆ ಕೂಗೋದಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದ ಪ್ರಯಾಣಿಕನಿಗೂ ಕಂಡಕ್ಟರಿಗೂ ಜಟಾಪಟಿ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ಒತ್ತಿ ಸವೆದರೂ ಅಕ್ಕಿ ಸಿಗದು. ಇದೆಲ್ಲ ಹಾಗಿರಲಿ, ಹೆರಿಗೆ ನೋವು ಬಂದವಳ ಮನೆಯವರು 108ಕ್ಕೆ ಮಾಡಿದ ಕರೆಯೇ ಹೋಗದಿದ್ದರೆ ಹೊಣೆ ಯಾರು?

ನೆಟ್‌ವರ್ಕ್ ಅಂದರೆ ಗಾಳಿಯಲ್ಲಿ ಬರುವ ಮಾಯೆ ಎಂದು ಬಹಳ ಜನ ತಿಳಿದಿದ್ದಾರೆ. ಟವರಿನಿಂದ ಫೋನಿಗೆ ಗಾಳಿಯಲ್ಲೇ ಬರುತ್ತದೆ, ನಿಜ. ಆದರೆ ಬಹಳಷ್ಟು ಟವರುಗಳ ಬೇರು ನೆಲದಲ್ಲಿದೆ. ಕೂದಲೆಳೆಯಂಥ ಗಾಜಿನ ಎಳೆಯ ಕೇಬಲ್ಲು ಅದು. ಅದು ಕಡಿದರೆ ಟವರು ಬರೀ ಕಬ್ಬಿಣದ ಕಂಬ. ಕೇಬಲ್ಲನ್ನು ಉಂಗುರದಂತೆ ಸುತ್ತಿ ಎಳೆದಿದ್ದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಕೆಲಸ ನಡೆದೀತು. ಒಂದೇ ಎಳೆಯನ್ನು ನಂಬಿಕೊಂಡ ಊರಿಗೆ ಆ ಭಾಗ್ಯವೂ ಇಲ್ಲ.

ದಿಲ್ಲಿಯವರು ಸುಮ್ಮನೆ ಕೂತಿಲ್ಲ. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಕೇಂದ್ರ ಸರಕಾರವೇ ಲೆಕ್ಕ ಕೊಟ್ಟಿದೆ. ಅದಕ್ಕೆಂದೇ 2023ರ ಮಾರ್ಚ್ 22ರಂದು ಪ್ರಧಾನಿ ಮೋದಿಯವರು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿದರು. ಅಗೆಯುವವನು ಜಾಗ ಯಾವುದೆಂದು ಅದರಲ್ಲಿ ತಿಳಿಸಬೇಕು. ಅಲ್ಲಿ ಕೇಬಲ್ಲೋ ಗ್ಯಾಸ್ ಪೈಪೋ ಹೂತಿರುವವರಿಗೆ ಸಂದೇಶ ಹೋಗುತ್ತದೆ. ಇಬ್ಬರೂ ಮಾತಾಡಿಕೊಂಡು ಆಮೇಲೆ ಗುದ್ದಲಿ ಹಾಕಬೇಕು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಜಾಲಕ್ಕೆ ಹಾನಿ ಮಾಡಿದವರಿಗೆ 50 ಲಕ್ಷ ರೂಪಾಯಿವರೆಗೆ ದಂಡಕ್ಕೂ ಅವಕಾಶವಿದೆ. ಅಮೆರಿಕದಲ್ಲಂತೂ ಅಗೆಯುವ ಮುಂಚೆ ಕೇಳೋಕೆ 2007ರಿಂದಲೇ 811 ಎಂಬ ಒಂದೇ ನಂಬರು ದೇಶಕ್ಕೆಲ್ಲ ಇದೆ.

ಕಾನೂನೇನೋ ಸರಿ. ಆದರೆ ದಿಲ್ಲಿಯ ಆ್ಯಪು ನಮ್ಮ ಬೀದಿಯ ಗುತ್ತಿಗೆದಾರನ ಕಿವಿಗೆ ಬೀಳಬೇಕಲ್ಲ? ಜೆಸಿಬಿ ಡ್ರೈವರನ್ನು ಬೈದು ಫಲವಿಲ್ಲ. ಅಗಿ ಅಂದ ಕಡೆ ಅವನು ಅಗೆಯುತ್ತಾನೆ. ಕೆಲಸದ ಆದೇಶಕ್ಕೆ ಸಹಿ ಹಾಕುವವರು ಪುರಸಭೆ, ಪಂಚಾಯಿತಿ, ಲೋಕೋಪಯೋಗಿ ಇಲಾಖೆಯ ಮಹನೀಯರು. ಆ್ಯಪಿನಲ್ಲಿ ತಿಳಿಸದೆ ಕೆಲಸ ಶುರು ಮಾಡುವಂತಿಲ್ಲ, ಕೇಬಲ್ ಕಡಿದರೆ ಬಿಲ್ಲಿನಲ್ಲಿ ಮುರಿದುಕೊಳ್ಳಲಾಗುವುದು ಎಂದು ಆದೇಶದಲ್ಲಿ ಎರಡು ಸಾಲು ಬರೆಸೋಕೆ ಏನು ಕಷ್ಟ? ಅದಕ್ಕೆ ಹೊಸ ದುಡ್ಡೂ ಬೇಡ, ಮಂತ್ರಿಗಳ ಶಿಫಾರಸೂ ಬೇಡ.

ಹಾಗಂತ ಕಂಪೆನಿಗಳೇನೂ ಸಾಚಾ ಅಲ್ಲ. ಗೇಣುದ್ದ ಮಣ್ಣು ಕೆರೆದು ಕೇಬಲ್ಲು ಮಲಗಿಸಿ, ಗುರುತಿನ ಕಲ್ಲೂ ನೆಡದೆ ಹೋದರೆ ಅಗೆಯುವವನಿಗೆ ಕನಸು ಬೀಳುತ್ತದೆಯೇ? ತಮ್ಮ ಕೇಬಲ್ಲು ಎಲ್ಲೆಲ್ಲಿ ಹೋಗಿದೆ ಎಂಬ ನಕ್ಷೆಯನ್ನು ಅವರೂ ಸರಿಯಾಗಿ ಒಪ್ಪಿಸಬೇಕು. ಕೇಳಿದವರಿಗೆ ಅದೇ ದಿನ ಉತ್ತರ ಕೊಡಬೇಕು.

ಅಲ್ಲಿಯವರೆಗೆ ವರ್ತಕರು ಒಂದು ಕೆಲಸ ಮಾಡಬಹುದು. ಬೀದಿಗೆ ಜೆಸಿಬಿ ಬಂದ ಕೂಡಲೆ ಹೋಗಿ, ‘ಕೇಬಲ್ಲಿನವರಿಗೆ ಹೇಳಿದ್ದೀರೇನ್ರೀ?’ ಎಂದು ಕೇಳಲಿ. ಕಡಿದ ಮೇಲೆ ಜಗಳವಾಡಿದರೆ ಆ ದಿನದ ವ್ಯಾಪಾರ ವಾಪಸು ಬರೋದಿಲ್ಲ. ಪುರಸಭೆಯವರು ಇನ್ನಾದರೂ ಕಣ್ಣು ಬಿಡುವರೇ?